ಬಲಗಡೆಯ ಆಟಿಕೆಗಳು

ನನಗೆ ಬರೆದು ಅಭ್ಯಾಸವಿಲ್ಲ, ವಿವರಣೆ ಹೆಚ್ಚಾದರೆ ಕ್ಷಮಿಸಿ. ಆಟಿಸಂ ಇರುವ ಮಕ್ಕಳಿಗೆ ಏನು ಇಷ್ಟ ಎಂದು ಹುಡುಕುವುದು ನನ್ನ ಕೆಲಸ. ಇಷ್ಟದ ವಸ್ತು ಸಿಕ್ಕರೆ, ಅದನ್ನು ಕೇಳಿ ಪಡೆಯುವುದನ್ನು ಕಲಿಸಬಹುದು. ಮೊಳಕಾಲ್ಮೂರಿನ ನೇಕಾರರ ಮನೆಯ ಆರು ವರ್ಷದ ಲಕ್ಷ್ಮಿ ಇದುವರೆಗೆ ಯಾರ ಬಳಿಯೂ ಏನನ್ನೂ ಕೇಳಿರಲಿಲ್ಲ.

ಮೊದಲು, ನಾನು ತಂದಿದ್ದ ಆರು ಆಟಿಕೆಗಳಲ್ಲಿ ಎರಡೆರಡನ್ನು ಅವಳ ಮುಂದೆ ಇಟ್ಟೆ. ಪ್ರತಿ ಸಲವೂ ಬಲಗಡೆಯದನ್ನೇ ತೆಗೆದುಕೊಂಡಳು. ಅದಲುಬದಲು ಮಾಡಿದರೂ ಅಷ್ಟೇ. ಆಮೇಲೆ ಆರನ್ನೂ ಸಾಲಾಗಿ ಇಟ್ಟೆ. ಬಲತುದಿಯಿಂದ ಒಂದೊಂದಾಗಿ ಎತ್ತಿದಳು.

ಮಗ್ಗದ ಮುಂದೆ ಕೂತಿದ್ದ ಅಜ್ಜಿ ಹೆಮ್ಮೆಯಿಂದ ಹೇಳಿದರು, "ಎಡಗೈಲಿ ಏನೂ ಇಸ್ಕಬಾರ್ದು ಅಂತ ನಾನೇ ಕಲ್ಸೀನಿ ಸಾರ್. ಬಲಗೈಗೆ ಹತ್ರ ಇದ್ದಿದ್ದು ತಗಂತೈತೆ."

"ಹಂಗಾದ್ರೆ ಇಷ್ಟ ಯಾವ್ದು ಅಂತ ಹೆಂಗೆ ಗೊತ್ತಾಗ್ಬೇಕು ಅಜ್ಜಿ?"

"ಸುಮ್ನೆ ಬಿಟ್ಟು ನೋಡ್ರಿ."

ಅದು ನಮ್ಮ ಮೂರನೆಯ ವಿಧಾನ. ನಾನು ಅದನ್ನು ತರಬೇತಿಗೆ ಹೋಗಿ ಕಲಿತಿದ್ದೆ. ಬಿಟ್ಟು ನೋಡಿದೆ. ಲಕ್ಷ್ಮಿ ಆಟಿಕೆಗಳನ್ನೆಲ್ಲ ದಾಟಿ ನನ್ನ ಬ್ಯಾಗಿನ ಜಿಪ್ ಹಿಡಿದಳು. ಎಳೆದಳು, ಮುಚ್ಚಿದಳು, ನಕ್ಕಳು.

ಇವತ್ತೂ ಅದೇ ಮನೆಯಲ್ಲಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮೂರು ವಿಧಾನಗಳಲ್ಲಿ ಯಾವುದು ಮೇಲು ಎಂದರೆ, ಮೊದಲನೆಯದಾಗಿ—

"ಸಾರ್, ಬರಿಯೋದು ಬಿಡ್ರಿ. ಹುಡುಗಿ ಬ್ಯಾಗ್ ಕೇಳ್ತೈತೆ."

ಹೌದು, ಲಕ್ಷ್ಮಿ ಕೈ ಚಾಚಿ ನಿಂತಿದ್ದಾಳೆ. ಎಡಗೈ. ಅಜ್ಜಿ ಬೈಯಲಿಲ್ಲ.