ಕ್ರೇನಿಗೆ ಕುಂಕುಮ

ಯಾವ ಊರಿಗೆ ಹೋದರೂ ಅಲ್ಲಿನ ಹೆಗ್ಗುರುತುಗಳನ್ನು ಮಧುಗಿರಿಯ ಬೆಟ್ಟದ ಪಕ್ಕಕ್ಕೆ ನಿಲ್ಲಿಸಿ ಎತ್ತರ ನೋಡುವ ಚಾಳಿ ನನಗಿದೆ. ಒಳ್ಳೆಯ ಚಾಳಿಯಲ್ಲ ಎಂದು ಗೊತ್ತು. ಬಿಡುವ ಉದ್ದೇಶವಂತೂ ಇಲ್ಲ. ಕೋಟೆ ಹೊತ್ತ ಅಂಥ ಏಕಶಿಲೆಯ ಬುಡದಲ್ಲಿ ಕೂತು ಮಕ್ಕಳಿಗೆ ಇತಿಹಾಸ ಪಾಠ ಮಾಡುವವಳಿಗೆ ಅಷ್ಟಾದರೂ ಜಂಭ ಬೇಡವೇ?

ಈ ಜಂಭವನ್ನು ಹೊತ್ತುಕೊಂಡೇ ಬೇಸಿಗೆ ರಜೆಯಲ್ಲಿ ಅಕ್ಕನ ಮನೆಗೆ ಹೋದೆ. ಅವಳಿರುವುದು ಕರಾವಳಿಯ ಒಂದು ಹಡಗು ಕಟ್ಟುವ ಊರಿನಲ್ಲಿ. ಭಾವ ಕೊರಟಗೆರೆಯವರು. ಈಜು ಬಾರದ ಮನುಷ್ಯ ಬದುಕಿಡೀ ಹಡಗಿನ ಕಾರ್ಖಾನೆಯಲ್ಲಿ ದುಡಿದು, ಕ್ರೇನ್ ಆಪರೇಟರ್ ಆಗಿ ಹೋದ ವರ್ಷ ನಿವೃತ್ತರಾದರು. ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರು ತೋರಿಸಿದರು. ವೃತ್ತದಲ್ಲಿ ಒಂದು ಭಾರಿ ಹಿತ್ತಾಳೆಯ ಪ್ರೊಪೆಲ್ಲರ್ ನಿಲ್ಲಿಸಿದ್ದಾರೆ. ಆಟೋದವರ ಬಾಯಲ್ಲಿ ಅದು ಫ್ಯಾನ್ ಸರ್ಕಲ್. ಮಾರುಕಟ್ಟೆಯ ಮುಂದಿನ ಹಳೆಯ ಲಂಗರಿನ ಮೇಲೆ ಯಾರೋ ಒದ್ದೆ ಲುಂಗಿ ಒಣಹಾಕಿದ್ದರು. ಕಾರ್ಖಾನೆಯ ಸೈರನ್ ಕೂಗಿದರೆ ಊರಿನ ಹೆಂಗಸರೆಲ್ಲ ಒಲೆಯ ಮೇಲೆ ಕುಕ್ಕರ್ ಇಡುತ್ತಾರೆ.

"ಇವೆಲ್ಲ ನಿನ್ನೆ ಮೊನ್ನೆಯವು ಭಾವ, ಹಳೇದು ತೋರಿಸಿ" ಎಂದೆ.

"ಮೇಷ್ಟ್ರಮ್ಮ, ನಿಮ್ಮ ಕೋಟೇಲಿ ಈಗ ಯಾರಾದ್ರೂ ಯುದ್ಧ ಮಾಡ್ತಾವ್ರಾ? ಇಲ್ಲಿ ಇವತ್ತೂ ಹಡಗು ಕಟ್ತಾವ್ರೆ ಕಣಮ್ಮ" ಎಂದರು. ನನ್ನ ಬೆಟ್ಟ ಒಂದು ಗೇಣು ಗಿಡ್ಡವಾಯಿತು.

ಕೊನೆಗೆ ಅವರು ಸ್ಕೂಟರ್ ನಿಲ್ಲಿಸಿದ್ದು ಹಳೆಯ ಗೇಟಿನ ಪಕ್ಕ, ತುಕ್ಕು ಹಿಡಿದ ಒಂದು ಕೈಕ್ರೇನಿನ ಮುಂದೆ. ಇಬ್ಬರು ಹಿಡಿ ತಿರುಗಿಸಿದರೆ ಕೊಕ್ಕೆ ಮೇಲೇಳುವ ಹಳೇ ಕಾಲದ ಯಂತ್ರ. ಭಾವ ಕೆಲಸಕ್ಕೆ ಸೇರಿದಾಗ ಮೊದಲು ಕೈಯಿಟ್ಟದ್ದು ಅದಕ್ಕೆ. ಗೇಟಿನ ರಸ್ತೆ ಅಗಲ ಮಾಡಬೇಕು, ಸೋಮವಾರ ಕತ್ತರಿಸಿ ಗುಜರಿಗೆ ಹಾಕುತ್ತಾರೆ ಎಂದರು. ಕತ್ತರಿಸಬೇಡಿ ಎಂದು ಇವರು ಆಫೀಸಿಗೆ ಹೋಗಿ ಹೇಳಿದ್ದರಂತೆ. ಸಾಹೇಬರು ಕಾಫಿ ಕುಡಿಸಿ ಕಳಿಸಿದರಂತೆ. ಆ ರಾತ್ರಿ ಭಾವ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಮರುದಿನವೂ ಹಾಗೇ. ಕೊರಟಗೆರೆಯವರು ಮುದ್ದೆ ಬಿಡುತ್ತಾರೆಂದರೆ ವಿಷಯ ಸಣ್ಣದಲ್ಲ. ಅಕ್ಕ ತಟ್ಟೆ ಎತ್ತಿಕೊಂಡು ಹೋದಳು.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿ ಹೇಳಬೇಕು. ಹಳೆಯದನ್ನು ಉಳಿಸಲು ಸರ್ಕಾರ ಇಲಾಖೆ ಮಾಡಿದೆ, ಫಲಕ ಬರೆಸಿದೆ, ತಂತಿ ಬೇಲಿಯನ್ನೂ ಹಾಕಿಸಿದೆ. ಆದರೆ ಶಿರಾ, ಪಾವಗಡ, ಮಧುಗಿರಿಯ ಬಯಲಿನಲ್ಲಿ ಇವತ್ತಿಗೂ ನಿಂತಿರುವ ಅರ್ಧಕ್ಕರ್ಧ ವೀರಗಲ್ಲುಗಳನ್ನು ಕಾಪಾಡಿದ್ದು ಅರಿಶಿನ, ಕುಂಕುಮ ಮತ್ತು ಒಂದು ಮೊಳ ಕನಕಾಂಬರ. ಹುಲಿಕುಂಟೆಯಲ್ಲಿ ನಮ್ಮಜ್ಜಿಯ ಹೊಲದ ಬದುವಿನಲ್ಲಿ ಅಂಥದೊಂದು ಕಲ್ಲಿತ್ತು. ಕಾಲುವೆ ತೋಡಲು ಜೆಸಿಬಿ ಬರುತ್ತದೆ ಎಂದು ಗೊತ್ತಾದ ಬೆಳಿಗ್ಗೆ ಅಜ್ಜಿ ಹೋಗಿ ಕಲ್ಲಿಗೆ ಕುಂಕುಮ ಹಚ್ಚಿ ಬಂದರು. ಡ್ರೈವರ್ ಅದನ್ನು ನೋಡಿ, ಗಾಡಿ ಹಿಂದಕ್ಕೆ ತೆಗೆದು, ಕಾಲುವೆಯನ್ನೇ ಕಲ್ಲಿನ ಸುತ್ತ ಬಳಸಿ ತೋಡಿದ.

ಸೋಮವಾರ ಭಾವ ಮನೆಯಲ್ಲಿ ಕೂರಲಾರದೆ ಹೊರಟರು. ಜೊತೆಗೆ ನಾನೂ ಹೋದೆ. ಗ್ಯಾಸ್ ಕಟರ್ ಹಿಡಿದವನು ಕ್ರೇನಿನ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದ. ಕ್ರೇನಿನ ಪಾದಕ್ಕೆ ದಟ್ಟ ಅರಿಶಿನ, ಮೂರು ಬೊಟ್ಟು ಕುಂಕುಮ, ಮೇಲೊಂದು ಹೂವಿನ ಮಾಲೆ. ಗುಜರಿಯವನು ಕೂಗಾಡುತ್ತಿದ್ದ. "ನೀವೇ ಕತ್ತರಿಸಿ ಧಣಿ, ಬೆಂಕಿ ನಾನು ಹಚ್ಚಿ ಕೊಡ್ತೇನೆ" ಎಂದ ಕಟರಿನವನು. ಗುಜರಿಯವನು ಒಮ್ಮೆ ಕುಂಕುಮ ನೋಡಿದ, ಒಮ್ಮೆ ತನ್ನ ಕೈ ನೋಡಿಕೊಂಡ, ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದ. ಕಾಫಿ ಕುಡಿಸಿದ್ದ ಸಾಹೇಬರು ಬಂದು, ರಸ್ತೆ ಅಲ್ಲೊಂದು ಕಡೆ ಸ್ವಲ್ಪ ಸೊಟ್ಟಗೆ ಹೋದರೆ ಆಕಾಶ ಕಳಚಿ ಬೀಳುವುದಿಲ್ಲ ಎಂದು ಹೇಳಿ ಹೋದರು.

ಭಾವ ಕುಣಿದಾಡುತ್ತಾರೆ ಅಂದುಕೊಂಡೆ. ಅವರು ಬುಸುಗುಡುತ್ತ ಮನೆಗೆ ಬಂದು ನೇರ ಅಕ್ಕನ ಮುಂದೆ ನಿಂತರು. ಅವರು ಕಾರ್ಮಿಕ ಸಂಘದ ಮನುಷ್ಯ. ಮದುವೆಯ ದಿನ ಬಿಟ್ಟರೆ ಹಣೆಗೆ ಏನನ್ನೂ ಹಚ್ಚಿಸಿಕೊಂಡವರಲ್ಲ.

"ಲೇ, ಅದು ದ್ಯಾವ್ರಲ್ಲ ಕಣೇ, ಕ್ರೇನು! ಅದ್ರಾಗೆ ಭಾರ ಎತ್ತಿದ್ದು ನಮ್ಮಂಥ ಮನುಷ್ಯರು. ಅದನ್ನ ಮಾರಮ್ಮ ಮಾಡಿ ಕೂರಿಸ್ಬುಟ್ಯಲ್ಲ!"

"ಇವತ್ತು ಉಳ್ಕಂತಲ್ಲ? ಮನುಷ್ಯರ ಕತೆ ನಾಳೆ ಹೇಳ್ಕಳ್ಳಿ ಬುಡಿ" ಎಂದಳು ಅಕ್ಕ, ಸೊಪ್ಪು ಸೋಸುತ್ತ.

ತೀರ್ಪಿಗಾಗಿ ಇಬ್ಬರೂ ಇತಿಹಾಸದ ಮೇಷ್ಟ್ರಮ್ಮನ ಮುಖ ನೋಡಿದರು. ನನಗೋ ಪೀಕಲಾಟ. ಅಜ್ಜಿಯ ವೀರಗಲ್ಲು ಉಳಿದದ್ದು ನಿಜ. ಆದರೆ ಊರ ದನ ಬಿಡಿಸಲು ಹೋಗಿ ಸತ್ತ ಆ ಮನುಷ್ಯನ ಮುಖದ ಮೇಲೆ ವರ್ಷವರ್ಷವೂ ಎಣ್ಣೆ, ಕುಂಕುಮ ಮೆತ್ತಿ ಈಗ ಕಣ್ಣು ಮೂಗು ಒಂದೂ ಕಾಣುವುದಿಲ್ಲ. ಅವನ ಹೆಸರು ಕೇಳಿದರೆ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಕಾಪಾಡಿದ ಕೈಯೇ ಮುಖವನ್ನೂ ಅಳಿಸಿತು. ಇದನ್ನೇ ಹೇಳಿದೆ. ಇಬ್ಬರೂ ನಾನು ತಮ್ಮ ಪರ ಎಂದುಕೊಂಡರು.

ಸಂಜೆ ಭಾವ ಗ್ರೀಸಿನ ಡಬ್ಬಿ ಹಿಡಿದು ಹೊರಟರು. ನಾವಿಬ್ಬರೂ ಹಿಂದೆಯೇ ಹೋದೆವು. ಅಷ್ಟರಲ್ಲಿ ನಾಲ್ಕಾರು ಹೆಂಗಸರು ಹೂವು, ಊದುಬತ್ತಿ ತಂದು ನಿಂತಿದ್ದರು. ಭಾವ ಯಾರನ್ನೂ ಗದರಲಿಲ್ಲ. ಹಲ್ಲುಚಕ್ರಗಳಿಗೆ ಗ್ರೀಸು ಮೆತ್ತಿ, "ಹೂವು ಆಮೇಲೆ ಹಾಕಿ ತಾಯಿ. ಮೊದ್ಲು ಹಿಡಿ ತಿರುಗ್ಸಿ" ಎಂದರು. ಇಬ್ಬರು ನಾಚುತ್ತಲೇ ತಿರುಗಿಸಿದರು. ಚಕ್ರ ಕಿರುಗುಟ್ಟಿತು, ಕೊಕ್ಕೆ ಅಲುಗಿ ಮೆಲ್ಲಗೆ ಮೇಲೆದ್ದಿತು. ಭಾವ ತಮ್ಮ ಜೊತೆ ಆ ಹಿಡಿ ಹಿಡಿದಿದ್ದವರ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದರು. ಅವರಲ್ಲಿ ಒಬ್ಬ ತನ್ನ ಮಾವ ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು.

ಅಕ್ಕ ಮಾತ್ರ ಕುಂಕುಮದ ಬಟ್ಟಲಿಗೆ ಬೆರಳದ್ದಿ, ಅಷ್ಟು ಜನರೆದುರಿಗೇ ಗಂಡನ ಹಣೆಗೆ ಅಗಲವಾಗಿ ಒಂದು ಬೊಟ್ಟಿಟ್ಟಳು.

"ಇದ್ಯಾಕೇ?" ಎಂದರು ಭಾವ.

"ಕೆಲ್ಸ ಮುಗೀತು ಅಂತ ಇದನ್ನೂ ಯಾರೂ ಗುಜರಿಗೆ ಹಾಕ್ಬಾರ್ದಲ್ಲ, ಅದ್ಕೆ" ಎಂದಳು.

ಭಾವನ ಎರಡು ಕೈಗೂ ಗ್ರೀಸಾಗಿತ್ತು. ಹಣೆ ಒರೆಸಿಕೊಳ್ಳಲು ಹೆಗಲ ಮೇಲೆ ಟವಲಿತ್ತು. ಅವರು ಒರೆಸಿಕೊಳ್ಳಲಿಲ್ಲ.