ಅಪ್ಪನ ಡಬ್ಬಿ

ಗೆಳೆಯರ, ನಮ್ಮ ಅವ್ವಗ ಇವತ್ತು ನೆನಪು ಮರಳಿ ಬಂತು. ಖುಷಿಪಡಬ್ಯಾಡ್ರಿ.

ಅಪ್ಪ ತೀರಿಕೊಂಡ ಆಘಾತಕ್ಕ ಆಕಿ ಆ ಸಾವನ್ನಽ ಮರೆತುಬಿಟ್ಟಿದ್ಲು. ದಿನಾ ಮುಂಜಾನೆ ರೊಟ್ಟಿ, ಖಾರ ಜಡಿದ ಶೇಂಗಾಚಟ್ನಿ ಡಬ್ಬಿಗೆ ಹಾಕಿ, "ಅಪ್ಪಗ ಗಿರಣಿಗೆ ಮುಟ್ಟಿಸಿ ಹೋಗು" ಅಂತ ನನ್ನ ಕೈಗೆ ಕೊಡ್ತಿದ್ಲು. ನಾನು ಟ್ರಾಮ್ ಹತ್ತಿ ಆಫೀಸಿಗೆ ಹೋಗಿ ಅದನ್ನ ಉಣ್ಣಾಂವ. ಸಂಜಿಗೆ ಖಾಲಿ ಡಬ್ಬಿ ಕೊಟ್ಟು, "ಅಪ್ಪ ಎಲ್ಲಾ ಉಂಡಾನವ್ವ" ಅನ್ನಾಂವ.

ಡಾಕ್ಟರು ಔಷಧ ಬರೀಲಿಲ್ಲ. "ಮುಂಜಾನೆ ಅಡ್ಡಾಡಿಸ್ರಿ, ಹೊತ್ತಿಗೆ ಸರಿಯಾಗಿ ಮಲಗಿಸ್ರಿ, ನಾಕು ಮಂದಿ ಜೋಡಿ ಮಾತಾಡಿಸ್ರಿ" ಅಂದ್ರು. ಹಂಗಽ ಮಾಡಿದ್ವಿ. ವಡಾಲ ಸ್ಟೇಷನ್ ತನಕ ದಿನಾ ನಡೆಸಿದೆ. ನಮ್ಮ ಚಾಳಿನ ಅಕ್ಕಪಕ್ಕದ ಮನಿ ಹೆಂಗಸರು ನಳದ ಹತ್ರ ಕೂಡಿಸಿಕೊಂಡು ಆಕಿ ಊರಿನ ಸುದ್ದಿ ಕೇಳಿದ್ರು.

ಇವತ್ತು ಅಡ್ಡಾಡಿ ಬಂದಾಕಿ ಒಲಿ ಹಚ್ಚಲಿಲ್ಲ.

"ನಿಮ್ಮಪ್ಪಾರು ತೀರಿಹೋಗ್ಯಾರಲ್ಲೋ. ಮತ್ತ ಇಷ್ಟು ದಿನ ಆ ಡಬ್ಬಿ ಯಾರು ಉಂಡ್ರು?"

"ನಾನಽ ಅವ್ವ."

"ಅವರ ಬಾಯಿಗೆ ತಕ್ಕಂಗ ಖಾರ ಹಾಕ್ತಿದ್ನೆಲ್ಲೋ. ನಿನಗ ಭಾಳ ತ್ರಾಸ ಆಗಿರಬೇಕು" ಅಂದು, ಸೆರಗು ಬಾಯಿಗೆ ಒತ್ತಿಕೊಂಡ್ಲು.

ಡಾಕ್ಟರ ಉಪಾಯ ಫಲಿಸಿತು, ಗೆಳೆಯರ. ಇವತ್ತು ಮಧ್ಯಾಹ್ನ ಹೋಟೆಲಿನ ಸಪ್ಪನ ಸಾರು ಉಂಡೆ. ಕಣ್ಣಾಗ ನೀರು ಬಂದದ್ದು ಇವತ್ತಽ.