ಫೈನಲ್‌ಗೆ ಮುಂಚೆ ಅಚ್ಚಾದ ಚಾಂಪಿಯನ್ ಟೀ ಶರ್ಟು

ಕೆನಡಾದ ಫುಟ್‌ಬಾಲಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡ್ತಾರಂತೆ. ಅಲ್ಲಿ ಆಡುವ ನಮ್ಮೂರ ಹುಡುಗ ಗಿರೀಶನ ತಂಡ ಸೀಸನ್ ಪೂರ್ತಿ ಗೆದ್ದು ಫೈನಲ್ ತಲುಪಿತ್ತು. ಕಪ್ ಗೆದ್ದ ದಿನವೇ ಕಳಿಸಬೇಕೆಂದು, ಮಾರೇನಹಳ್ಳಿಯ ನನ್ನ ಪ್ರಿಂಟಿಂಗ್ ಅಂಗಡಿಯಲ್ಲಿ ‘ಚಾಂಪಿಯನ್ಸ್’ ಟೀ ಶರ್ಟುಗಳನ್ನು ಮೊದಲೇ ಅಚ್ಚು ಹಾಕಿಸಿದ್ದ.

ಸೋಮವಾರ ಬೆಳಿಗ್ಗೆ ಅವನ ವಿಡಿಯೋ ಕಾಲ್ ಬಂತು. ತಮಾಷೆಗೆ ನಾನೇ ಒಂದನ್ನು ತೊಟ್ಟು, “ಬಾರಪ್ಪಾ ಚಾಂಪಿಯನ್!” ಅಂದೆ.

“ಸೋತ್ವಿ ಅಣ್ಣಾ. ಕೊನೇ ನಿಮಿಷದಲ್ಲಿ. ಎಲ್ಲಾನೂ ಕತ್ತರಿಸಿಬಿಡಿ, ಯಾರ ಕಣ್ಣಿಗೂ ಬೀಳಬಾರದು.”

ತೊಟ್ಟಿದ್ದನ್ನು ಬಿಚ್ಚಲು ಹೋದೆ.

“ತಡೀರಿ, ಒಂದ್ಸಲ ನೋಡ್ತೀನಿ. ಹಿಂದೆ ತಿರುಗಿ.”

ಬೆನ್ನ ಮೇಲೆ ಆಟಗಾರರ ಹೆಸರುಗಳಿದ್ದವು. ಒಂದೊಂದೇ ಓದುತ್ತಾ ಅವನ ದನಿ ಒಡೆಯಿತು.

“ಸಾಕು. ಕತ್ತರಿಸಿ ಅಣ್ಣಾ.”

ಊರಿಗೆಲ್ಲ ಟೋಪಿ ಹಾಕುವ ನನಗೆ ಸಮಾಧಾನದ ಒಂದು ಸುಳ್ಳೂ ಹೊಳೆಯಲಿಲ್ಲ. ಬನಿಯನ್ನಲ್ಲೇ ನಿಂತು ಕತ್ತರಿ ಆಡಿಸಿದೆ. ನನ್ನ ಕಣ್ಣಲ್ಲೂ ನೀರಿತ್ತು ಅಂತ ಹೆಂಡತಿ ಹೇಳ್ತಾಳೆ. ನಂಬಬೇಡಿ, ಅವಳು ನನಗಿಂತ ಚೆನ್ನಾಗಿ ಸುಳ್ಳು ಹೇಳ್ತಾಳೆ.